ಉಪವಾಸವೂ ಪಾರಣೆಯೂ

ಉಪ್ಪಿನಂಗಡಿಗೂ ಕಡಬಕ್ಕೂ ನಡುವೆ ಇರುವ ನಮ್ಮ ಪೆರಾಬೆಯಲ್ಲಿ, ಅಡಿಕೆತೋಟದ ಅಂಚಿಗೆ ಹತ್ತಿಕೊಂಡಿದ್ದ ಹಳೆಯ ಮನೆಯ ಅಡಿಗೆಕೋಣೆಯೊಳಗೆ, ದ್ವಾದಶಿಯ ನಸುಕಿನಲ್ಲಿ ಕೋಳಿ ಕೂಗುವುದಕ್ಕೆ ಮುನ್ನವೇ ಹೊತ್ತುತ್ತಿದ್ದ ಒಲೆಯ ಬೆಳಕು ಇಂದಿಗೂ ನನ್ನ ಕಣ್ಣಿನಲ್ಲಿದೆ. ದಶಮಿಯ ಮಧ್ಯಾಹ್ನ ಒಪ್ಪೊತ್ತಿನ ಊಟ ಮುಗಿಸಿ, ಏಕಾದಶಿಯ ಹಗಲನ್ನೂ ಇರುಳನ್ನೂ ನಿರಾಹಾರದಲ್ಲಿ ಕಳೆದು, ಮಿಂದು ಮಡಿಯುಟ್ಟು ಒಲೆಯ ಮುಂದೆ ಕುಳಿತಿರುತ್ತಿದ್ದ ಅಜ್ಜಿ, ಬೆಳ್ತಿಗೆ ಅಕ್ಕಿಯನ್ನು ಅಗುಳು ಕರಗುವಷ್ಟು ಬೇಯಿಸಿ, ದೇವರಿಗೆ ನೈವೇದ್ಯವಾದ ಬಳಿಕ ಗಂಜಿಯ ತಿಳಿಯನ್ನು ಲೋಟಕ್ಕೆ ಬಗ್ಗಿಸಿ, ಚಿಟಿಕೆ ಉಪ್ಪು ಬೆರೆಸಿ, ಆರಿದ ಮೇಲೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಆಮೇಲೆ ಮೆತ್ತನೆಯ ಅನ್ನ, ನೆಲ್ಲಿಚಟ್ಟಿನ ತಂಬುಳಿ, ಅಗಸೆ ಸೊಪ್ಪಿನ ಪಲ್ಯ. ಹುಳಿಖಾರದ ಪದಾರ್ಥಗಳಿಗೆ ಆ ಹೊತ್ತಿನಲ್ಲಿ ಎಡೆಯಿರಲಿಲ್ಲ. ಇಷ್ಟು ಹಸಿದವರು ಇಷ್ಟು ನಿಧಾನವಾಗಿ ಏಕೆ ಉಣ್ಣುತ್ತಾರೆಂದು ಅರ್ಥವಾಗದೆ ನಾನೊಮ್ಮೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಮಲಗಿದ ಮಗುವನ್ನು ಎಬ್ಬಿಸಿದ ಹಾಗೆ ಹೊಟ್ಟೆಯನ್ನು ಮೆಲ್ಲ ಎಬ್ಬಿಸಬೇಕು ಮಗಾ.”

ಆ ಮಾತಿನ ಹಿಂದೆ ಎಷ್ಟು ದೇಹಜ್ಞಾನವಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಇಂದು ಪುತ್ತೂರಿನ ಪೇಟೆಯಲ್ಲಿ, ಕಡಬದ ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ ಉಪವಾಸದ ಪ್ರಸ್ತಾಪ ಮತ್ತೆ ಕೇಳಿಬರುತ್ತಿದೆ. ಅದು ವ್ರತದ ಉಪವಾಸವಲ್ಲ, ತೂಕ ಇಳಿಸುವ, ಸಕ್ಕರೆ ಕಾಯಿಲೆಯನ್ನು ಹಿಡಿತಕ್ಕೆ ತರುವ, ಆಯುಷ್ಯ ಹೆಚ್ಚಿಸುವ ಆಸೆಯ ಉಪವಾಸ. ದಿನದ 24 ಗಂಟೆಗಳಲ್ಲಿ 16 ಗಂಟೆ ಬಾಯಿ ಕಟ್ಟಿ 8 ಗಂಟೆಯೊಳಗೆ ಊಟ ಮುಗಿಸುವ ಕ್ರಮ, ವಾರಕ್ಕೆ ಎರಡು ದಿನ ಅತ್ಯಲ್ಪ ಉಣ್ಣುವ ಕ್ರಮ, ಬರಿಯ ನೀರಿನ ಮೇಲೆ ಮೂರು ದಿನವೋ ಏಳು ದಿನವೋ ಇರುವ ಕ್ರಮ, ಹೀಗೆ ಮೊಬೈಲಿನ ಮೂಲಕ ಹಳ್ಳಿಯ ಮನೆಮನೆಗೂ ಬಂದಿರುವ ಈ ಕ್ರಮಗಳ ಕುರಿತು ಜನರು ಕೇಳುವ ಪ್ರಶ್ನೆಗಳು ಯೋಗ್ಯವಾದ ಪ್ರಶ್ನೆಗಳೇ. ಅವುಗಳಿಗೆ ವೈದ್ಯಶಾಸ್ತ್ರ ಇಂದು ಕೊಡಬಲ್ಲ ಉತ್ತರಗಳನ್ನು, ನಮ್ಮ ನೆಲದ ಅನುಭವದೊಡನೆ ಹೊಂದಿಸಿ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲದ ಅನುಭವವೆಂದು ಹೇಳುವಾಗ ನನಗೆ ಮೊದಲು ನೆನಪಾಗುವುದು ಒಂದು ಶಬ್ದ. ಹಳಗನ್ನಡದಲ್ಲಿ ‘ನೋನ್’ ಎಂದರೆ ವ್ರತವನ್ನು ಆಚರಿಸು ಎಂದರ್ಥ. ಅದರಿಂದ ಹುಟ್ಟಿದ ‘ನೋಂಪಿ’ ಜೈನರ ವ್ರತಗಳಿಗೆ ನಿಂತ ಹೆಸರು. ನಮ್ಮ ನೆರೆಯ ಬ್ಯಾರಿ ಮುಸಲ್ಮಾನರು ರಮಳಾನಿನ ಉಪವಾಸವನ್ನು ‘ನೋಂಬು’ ಎನ್ನುತ್ತಾರೆ. ಮಲೆಯಾಳ ನಾಡಿನಿಂದ ಬಂದು ಕಡಬದ ಸುತ್ತ ರಬ್ಬರು ಬೆಳೆದು ನೆಲೆನಿಂತ ಕ್ರೈಸ್ತರ ಮನೆಗಳಲ್ಲಿಯೂ ಈಸ್ಟರ್ ಹಬ್ಬಕ್ಕೆ ಮುಂಚಿನ 50 ದಿನಗಳ ಸಂಯಮಕ್ಕೆ ಅದೇ ‘ನೋಂಬು’ ಎಂಬ ಹೆಸರು. ಇವರೊಡನೆ ಷಷ್ಠಿಯ ದಿನ ಕುಕ್ಕೆಯ ಸುಬ್ರಹ್ಮಣ್ಯನನ್ನು ನೆನೆದು ಒಪ್ಪೊತ್ತು ಉಣ್ಣುವವರು, ಸಂಕಷ್ಟಿಯ ರಾತ್ರಿ ಚಂದ್ರೋದಯಕ್ಕಾಗಿ ಕಾಯುವವರು. ಧರ್ಮ ಬೇರೆ, ಪಂಚಾಂಗ ಬೇರೆ, ಅಡಿಗೆ ಬೇರೆಯಾಗಿದ್ದರೂ ಈ ಎಲ್ಲ ಆಚರಣೆಗಳಲ್ಲಿ ಮೂರು ಅಂಗಗಳು ಸಮಾನವಾಗಿವೆ: ಯಾರು ಉಪವಾಸ ಮಾಡಬಾರದೆಂಬ ವಿನಾಯಿತಿ, ಎಷ್ಟು ಕಾಲವೆಂಬ ಮಿತಿ, ಹೇಗೆ ಮುಗಿಸಬೇಕೆಂಬ ವಿಧಿ. ಇಂದಿನ ಹೊಸ ಉಪವಾಸಗಳು ಅನ್ನತ್ಯಾಗವನ್ನು ಮಾತ್ರ ತೆಗೆದುಕೊಂಡು ಈ ಮೂರನ್ನೂ ಕೈಬಿಟ್ಟಿವೆ. ಅಪಾಯಗಳು ಬಹುಮಟ್ಟಿಗೆ ಹುಟ್ಟುವುದು ಅಲ್ಲಿಯೇ.

ದೇಹದೊಳಗಿನ ಪತ್ತಾಯ

ಊಟ ಬಿಟ್ಟಾಗ ದೇಹದೊಳಗೆ ಏನಾಗುತ್ತದೆ? ನಮ್ಮ ಕಡೆಯ ಹಳೆಯ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಅಡಿಗೆಕೋಣೆಯ ಮೂಲೆಯಲ್ಲಿ ದಿನಬಳಕೆಯ ಅಕ್ಕಿಯ ಡಬ್ಬಿ. ಒಳಗಿನ ಕತ್ತಲೆಕೋಣೆಯಲ್ಲಿ ವರ್ಷದ ಭತ್ತವನ್ನು ತುಂಬಿಡುವ ಮರದ ಪತ್ತಾಯ. ದೇಹಕ್ಕೆ ಯಕೃತ್ತೇ ಆ ಅಕ್ಕಿಯ ಡಬ್ಬಿ. ಉಂಡ ಅನ್ನದ ಸಕ್ಕರೆಯಲ್ಲಿ ಒಂದು ಭಾಗವನ್ನು ಅದು ಗ್ಲೈಕೋಜನ್ ಎಂಬ ರೂಪದಲ್ಲಿ, ಸುಮಾರು 100 ಗ್ರಾಮಿನಷ್ಟು, ಕೂಡಿಟ್ಟುಕೊಳ್ಳುತ್ತದೆ. ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ ಇರುವುದುಂಟು. ಆದರೆ ಅದು ಆಯಾ ಖಂಡಗಳ ಸ್ವಂತ ಖರ್ಚಿಗೆ ಮೀಸಲು, ನೆರವಿಗೆಂದು ರಕ್ತಕ್ಕೆ ಬರುವುದಿಲ್ಲ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆಯನ್ನು ಬಯಸುವುದರಿಂದ, ರಾತ್ರಿ ಉಂಡು ಮರುದಿನ ರಾತ್ರಿಯವರೆಗೆ ಉಪವಾಸವಿದ್ದವನ ಯಕೃತ್ತಿನ ಡಬ್ಬಿ ಬಹುತೇಕ ಬರಿದಾಗಿರುತ್ತದೆ.

ಆಗ ಪತ್ತಾಯ ತೆರೆಯುತ್ತದೆ. ಚರ್ಮದ ಕೆಳಗೂ ಹೊಟ್ಟೆಯ ಸುತ್ತಲೂ ಸಂಗ್ರಹವಾಗಿರುವ ಕೊಬ್ಬು ಕರಗಿ, ಯಕೃತ್ತಿನಲ್ಲಿ ಕೀಟೋನ್ ಎಂಬ ದ್ರವ್ಯಗಳಾಗಿ ಮಾರ್ಪಟ್ಟು, ಮಿದುಳಿಗೂ ಹೃದಯಕ್ಕೂ ಇಂಧನವಾಗುತ್ತದೆ. ಎರಡು ಮೂರು ದಿನಗಳಲ್ಲಿ ಈ ಮಾರ್ಪಾಟು ಬಲವಾಗುತ್ತದೆ. ಉಪವಾಸಿಯ ಉಸಿರಿನಲ್ಲಿ ಕಾಣುವ ಒಂದು ಬಗೆಯ ವಾಸನೆ ಇದರದೇ. ಅಮೆರಿಕದ ಬಾಸ್ಟನ್ ನಗರದಲ್ಲಿ ಓವೆನ್, ಕೇಹಿಲ್ ಮೊದಲಾದ ವೈದ್ಯರು, ಐದಾರು ವಾರ ಉಪವಾಸವಿದ್ದ ಸ್ಥೂಲಕಾಯರ ರಕ್ತವನ್ನು ಪರೀಕ್ಷಿಸಿ, ಮಿದುಳು ತನ್ನ ಇಂಧನದ ಬಹುಪಾಲನ್ನು ಕೀಟೋನಿನಿಂದ ಪಡೆಯಬಲ್ಲುದೆಂಬುದನ್ನು 1967ರಲ್ಲಿ ತೋರಿಸಿಕೊಟ್ಟರು. ಮನುಷ್ಯ ದೀರ್ಘಕಾಲದ ಹಸಿವನ್ನು ತಾಳಿಕೊಂಡು ಬದುಕಬಲ್ಲನೆಂಬುದರ ರಹಸ್ಯ ಇದೇ.

ಆದರೆ ಪತ್ತಾಯ ತೆರೆದುಕೊಳ್ಳುವುದಕ್ಕೆ ಮೊದಲು, ಅನಂತರವೂ ಸ್ವಲ್ಪ ಪ್ರಮಾಣದಲ್ಲಿ, ದೇಹ ತನ್ನ ಮನೆಯ ಜಂತಿಗಳನ್ನೇ ಕಿತ್ತು ಒಲೆಗೆ ಇಡುತ್ತದೆ. ಆರಂಭದ ದಿನಗಳಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನು, ಅಂದರೆ ಮಾಂಸಖಂಡದ ಸತ್ವ, ಸಕ್ಕರೆಯಾಗಿ ಮಾರ್ಪಡುತ್ತದೆ. ವಾರಗಳು ಕಳೆದಂತೆ ಅದು ಸುಮಾರು 20 ಗ್ರಾಮಿಗೆ ಇಳಿಯುತ್ತದೆ. ಆದುದರಿಂದ ಉಪವಾಸದಲ್ಲಿ ಕರಗುವುದೆಲ್ಲ ಕೊಬ್ಬೆಂದು ಭಾವಿಸತಕ್ಕದ್ದಲ್ಲ. ಮೊದಲ ಮೂರು ದಿನಗಳಲ್ಲಿ ತಕ್ಕಡಿ ತೋರಿಸುವ ಎರಡು ಮೂರು ಕಿಲೋಗಳ ಇಳಿತವಂತೂ ಬಹುಪಾಲು ನೀರಿನದು; ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಗ್ಲೈಕೋಜನ್ ಖರ್ಚಾದಾಗ ಆ ನೀರೂ ಹೊರಟುಹೋಗುತ್ತದೆ, ಊಟ ಮೊದಲಾದೊಡನೆ ಎರಡೂ ಹಿಂದಿರುಗುತ್ತವೆ. ಇದನ್ನರಿಯದೆ, ಇಳಿದ ತೂಕವನ್ನು ಕಂಡು ಹಿಗ್ಗಿ, ಏರಿದ ತೂಕವನ್ನು ಕಂಡು ಎದೆಗುಂದಿ, ಮತ್ತೊಂದು ಕಠಿನತರವಾದ ಉಪವಾಸಕ್ಕೆ ತೊಡಗುವವರನ್ನು ಕಂಡು ನನಗೆ ನಿಜವಾಗಿಯೂ ಮರುಕವೆನಿಸಿದೆ.

16 ಗಂಟೆಯ ಪ್ರಶ್ನೆ

ದಿನಕ್ಕೆ 16 ಗಂಟೆ ಉಪವಾಸವಿದ್ದರೆ ತೂಕ ಇಳಿಯುತ್ತದೆಯೇ? ಇಳಿಯುತ್ತದೆ, ಆದರೆ ಗಡಿಯಾರದ ಮಹಿಮೆಯಿಂದ ಇಳಿಯುವುದಕ್ಕಿಂತ, ಉಣ್ಣುವ ಹೊತ್ತು ಕಿರಿದಾದಾಗ ಒಟ್ಟು ಆಹಾರ ಕಡಮೆಯಾಗುವುದರಿಂದ ಇಳಿಯುತ್ತದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಎರಡೂ ಗುಂಪಿಗೆ ಆಹಾರದ ಪ್ರಮಾಣವನ್ನು ಸಮನಾಗಿ ತಗ್ಗಿಸಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣತಕ್ಕದ್ದೆಂದು ನಿಯಮಿಸಿ, ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊತ್ತಿನ ಕಟ್ಟುಪಾಡಿದ್ದವರು ಸರಾಸರಿ 8 ಕಿಲೋ, ಅದಿಲ್ಲದವರು 6.3 ಕಿಲೋ ಇಳಿದರು. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲವೆಂದು ಸಂಶೋಧಕರೇ ಒಪ್ಪಿಕೊಂಡರು. ಎಂದಮೇಲೆ ಹೊತ್ತು ಹಿಡಿದು ಉಣ್ಣುವುದು ಕೆಲವರಿಗೆ ಸುಲಭವಾದ ಶಿಸ್ತೆಂಬುದೇ ಅದರ ಗುಣ. ಆ 8 ಗಂಟೆಯಲ್ಲಿ ಹೋಳಿಗೆ, ಬನ್ಸು, ಗೋಳಿಬಜೆಗಳನ್ನು ಯಥೇಚ್ಛವಾಗಿ ತಿಂದವನಿಗೆ ಉಳಿದ 16 ಗಂಟೆಯ ನಿರಾಹಾರ ಯಾವ ಫಲವನ್ನೂ ಕೊಡಲಾರದು.

ಬೆಳಗಿನ ಊಟ ಬಿಡುವುದು ಮೇಲೋ, ರಾತ್ರಿಯ ಊಟ ಬಿಡುವುದು ಮೇಲೋ ಎಂಬುದು ಮತ್ತೊಂದು ಪ್ರಶ್ನೆ. ಹಗಲಿನ ಪೂರ್ವಾರ್ಧದಲ್ಲಿ ದೇಹ ಸಕ್ಕರೆಯನ್ನು ಹೆಚ್ಚು ಸಮರ್ಥವಾಗಿ ಬಳಸಿಕೊಳ್ಳುತ್ತದೆ, ರಾತ್ರಿಯಾದಂತೆ ಆ ಸಾಮರ್ಥ್ಯ ತಗ್ಗುತ್ತದೆ. ಅಮೆರಿಕದ ಅಲಬಾಮದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಗಂಡಸರಿಗೆ ಐದು ವಾರ ಮಧ್ಯಾಹ್ನ 3 ಗಂಟೆಯೊಳಗೆ ದಿನದ ಊಟವೆಲ್ಲ ಮುಗಿಯುವಂತೆ ಏರ್ಪಡಿಸಿದಾಗ, ತೂಕ ಇಳಿಯದಿದ್ದರೂ ಇನ್ಸುಲಿನ್ನಿನ ಕಾರ್ಯ ಸುಧಾರಿಸಿತು, ರಕ್ತದೊತ್ತಡ ತಗ್ಗಿತು. 2018ರ ಈ ಪರೀಕ್ಷೆಯಲ್ಲಿ ಕೊನೆಯವರೆಗೆ ಉಳಿದವರು ಕೇವಲ 8 ಮಂದಿಯಾದುದರಿಂದ ಇದನ್ನು ಅಂತಿಮ ಸಿದ್ಧಾಂತವೆಂದು ಹಿಡಿಯಲಾಗದು. ಆದರೂ ತುಳುನಾಡಿನ ಜೈನರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವ ರಾತ್ರಿಭೋಜನ ತ್ಯಾಗವನ್ನು ಅದು ನೆನಪಿಗೆ ತರುತ್ತದೆ. ಸೂಕ್ಷ್ಮಜೀವಿಗಳ ಹಿಂಸೆಯಾಗಬಾರದೆಂಬ ಅಹಿಂಸಾಧರ್ಮದಿಂದ ಹುಟ್ಟಿದ ನಿಯಮ ಅದು. ದೇಹಕ್ಕೂ ಒಗ್ಗುವ ನಿಯಮ. ಹೊಸ ಕ್ರಮವೊಂದನ್ನು ಕೈಗೊಳ್ಳಬಯಸುವ ಆರೋಗ್ಯವಂತನಿಗೆ ನಾನು ಹೇಳಬಹುದಾದ ಅತ್ಯಂತ ನಿರಪಾಯವಾದ ಮಾತೆಂದರೆ, ಸಂಜೆ ಏಳರೊಳಗೆ ಹಗುರವಾಗಿ ಉಂಡು, ಮರುದಿನ ಬೆಳಿಗ್ಗೆ ಏಳರವರೆಗೆ ಬೇರೇನನ್ನೂ ತಿನ್ನದಿರುವುದು. ಈ 12 ಗಂಟೆಯ ವಿರಾಮಕ್ಕೆ ಯಾವ ಸಾಧನವೂ ಬೇಡ, ಯಾವ ಶುಲ್ಕವೂ ಇಲ್ಲ.

ನೀರು, ಉಪ್ಪು, ಚಹಾ

ಉಪವಾಸದಲ್ಲಿ ಚಹಾ ಕುಡಿಯಬಹುದೇ ಎಂದು ಕೇಳದವರಿಲ್ಲ. ವ್ರತದ ದೃಷ್ಟಿಯಿಂದ ಉತ್ತರ ಆಯಾ ಸಂಪ್ರದಾಯದ್ದು. ದೇಹದ ದೃಷ್ಟಿಯಿಂದ ಹೇಳುವುದಾದರೆ ಹಾಲುಸಕ್ಕರೆಯಿಲ್ಲದ ಕಣ್ಣಚಹಾದಿಂದ ಉಪವಾಸದ ಕ್ರಿಯೆ ಕೆಡುವುದಿಲ್ಲ, ಹಾಲುಸಕ್ಕರೆ ಹಾಕಿದ್ದು ಸಣ್ಣದೊಂದು ಊಟವೇ ಸರಿ. ಆದರೆ ಬರಿಹೊಟ್ಟೆಯಲ್ಲಿ ಕಡುಚಹಾ, ಕಡುಕಾಫಿಗಳು ಆಮ್ಲಪಿತ್ತವುಳ್ಳವರಿಗೆ ಎದೆಯುರಿಯನ್ನು ತರುತ್ತವೆ. ದಿನಕ್ಕೆ ನಾಲ್ಕೈದು ಬಾರಿ ಕಾಫಿ ಕುಡಿಯುವವನು ಒಮ್ಮೆಲೆ ಬಿಟ್ಟಾಗ ಬರುವ ತಲೆನೋವು ಹಸಿವೆಯದಲ್ಲ, ಬಹುಮಟ್ಟಿಗೆ ಕಾಫಿಯ ಚಟದ್ದು. ಅಂಥವನು ಉಪವಾಸಕ್ಕೆ ಒಂದು ವಾರ ಮೊದಲಿನಿಂದ ಸ್ವಲ್ಪಸ್ವಲ್ಪವಾಗಿ ತಗ್ಗಿಸಿಕೊಂಡು ಬರುವುದು ಜಾಣತನ.

ನೀರಿನ ವಿಷಯ ಇದಕ್ಕಿಂತ ಗುರುತರವಾದದ್ದು. ಆಹಾರವಿಲ್ಲದೆ ವಾರಗಳನ್ನು ಕಳೆದವರುಂಟು. ನೀರಿಲ್ಲದೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮ ಕರಾವಳಿಯ ಸೆಕೆಯಲ್ಲಿ, ನೆರಳಿನಲ್ಲಿ ಕುಳಿತವನ ಬೆನ್ನಿನಿಂದಲೂ ಬೆವರು ಇಳಿಯುವಾಗ, ನಿರ್ಜಲವಾದ ದೀರ್ಘ ಉಪವಾಸ ಮೂತ್ರಪಿಂಡಗಳಿಗೆ ಭಾರ. ಕಲ್ಲಿನ ತೊಂದರೆಯಿದ್ದವರಿಗಂತೂ ಇನ್ನಷ್ಟು. ನೀರಿನೊಡನೆ ಉಪ್ಪಿನ ಮಾತೂ ಬರುತ್ತದೆ: ಉಪವಾಸದಲ್ಲಿ ಇನ್ಸುಲಿನ್ ತಗ್ಗುವುದರಿಂದ ಮೂತ್ರದಲ್ಲಿ ಉಪ್ಪು ಹೆಚ್ಚಾಗಿ ಹೊರಟುಹೋಗಿ, ರಕ್ತದೊತ್ತಡ ಇಳಿಯುತ್ತದೆ, ಕುಳಿತಿದ್ದವನು ಥಟ್ಟನೆ ಎದ್ದಾಗ ಕಣ್ಣಿಗೆ ಕತ್ತಲೆ ಕವಿಯುವುದು ಇದರಿಂದಲೇ.

ಇಲ್ಲಿ ನಮ್ಮ ಊರಿಗೆ ವಿಶೇಷವಾದ ಎಚ್ಚರಿಕೆಯೊಂದನ್ನು ಹೇಳದೆ ಮುಂದುವರಿಯಲಾರೆ. ಆಷಾಢದ ಪ್ರಥಮ ಏಕಾದಶಿ ಬರುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಭಯ. ಮಳೆ ಬಿಟ್ಟ ಎರಡು ದಿನಗಳಲ್ಲಿ ಬೋರ್ಡೋ ದ್ರಾವಣದ ಮದ್ದು ಬಿಡಲೇಬೇಕು. ಪಾಚಿಗಟ್ಟಿ ಜಾರುವ ಮರವನ್ನೇರಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಹಾಯುವವನು ಏಕಾದಶಿಯವನಾಗಿರಲಿ, ನೋಂಬಿನವನಾಗಿರಲಿ, ಅವನಿಗೆ ಕ್ಷಣಮಾತ್ರದ ತಲೆತಿರುಗುವಿಕೆಯೂ ಮರಣಾಂತಿಕವಾದೀತು. ಉಪವಾಸದ ದಿನ ಮರ ಹತ್ತಬಾರದು, ಮರ ಹತ್ತುವ ದಿನ ಉಪವಾಸ ಮಾಡಬಾರದು. ತೋಟದ ಒಡೆಯರು ಈ ನಿಯಮವನ್ನು ಕೆಲಸದವರ ಮೇಲೆ ಬಿಡದೆ ತಾವೇ ಪಾಲಿಸತಕ್ಕದ್ದು.

ಯಾರಿಗೆ ಸಲ್ಲದು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮಾಂಸಖಂಡ ಕ್ಷೀಣಿಸಿದ ವೃದ್ಧರು, ತೂಕ ಕಡಮೆಯಿರುವವರು, ಊಟದ ವಿಷಯದಲ್ಲಿ ಮಾನಸಿಕ ವ್ಯಾಧಿಗೆ ಒಳಗಾದವರು ಆರೋಗ್ಯಕ್ಕೆಂದು ಉಪವಾಸ ಕೈಗೊಳ್ಳಬಾರದು. ವಾತರಕ್ತವುಳ್ಳವರಿಗೆ ಉಪವಾಸದಲ್ಲಿ ಯೂರಿಕ್ ಆಮ್ಲ ಏರಿ ಕೀಲುನೋವು ಉಲ್ಬಣಿಸುವುದುಂಟು. ತೂಕ ಅತಿವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲುಗಳು ಕಟ್ಟುವುದುಂಟು.

ಸಕ್ಕರೆ ಕಾಯಿಲೆಯವರ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಉಪವಾಸದಿಂದ ಕೆಲವರ ಸಕ್ಕರೆ ಹತೋಟಿಗೆ ಬರುವುದು ನಿಜ. ಅಪಾಯ ಬಹುಮಟ್ಟಿಗೆ ಔಷಧದ ಕಡೆಯಿಂದ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಜಾತಿಯ ಮಾತ್ರೆ ನುಂಗುವವರು ಊಟ ಬಿಟ್ಟು ಔಷಧವನ್ನು ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿದು, ಕೈ ನಡುಗಿ, ಬೆವರಿ, ಪ್ರಜ್ಞೆ ತಪ್ಪೀತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಹೊಸ ಮಾತ್ರೆಗಳಲ್ಲಿ ಇನ್ನೊಂದು ಬಗೆಯ ಅಪಾಯವಿದೆ: ಸಕ್ಕರೆ ಹೆಚ್ಚಾಗಿ ಕಾಣದಿದ್ದರೂ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಆದುದರಿಂದ ಔಷಧದ ಪ್ರಮಾಣವನ್ನೂ ಹೊತ್ತನ್ನೂ ಉಪವಾಸಕ್ಕೆ ಕೆಲವು ವಾರ ಮುಂಚಿತವಾಗಿಯೇ ವೈದ್ಯರಿಂದ ನಿಶ್ಚಯಿಸಿಕೊಳ್ಳಬೇಕು. ತಾನಾಗಿ ಬಿಡುವುದೂ ತಪ್ಪು, ತಾನಾಗಿ ಮುಂದುವರಿಸುವುದೂ ತಪ್ಪು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಇಲ್ಲವೆ 300ಕ್ಕಿಂತ ಮೇಲೇರಿದರೆ, ಸೂರ್ಯಾಸ್ತಕ್ಕೆ ಇನ್ನು ಹತ್ತೇ ನಿಮಿಷವಿದ್ದರೂ ಕಾಯದೆ ಉಪವಾಸವನ್ನು ಮುಗಿಸಬೇಕೆಂಬುದು ವೈದ್ಯರ ಸ್ಪಷ್ಟವಾದ ಸೂಚನೆ.

ನಮ್ಮ ಕಡೆ ರಮಳಾನಿನ ನೋಂಬು ದಿನಕ್ಕೆ ಸುಮಾರು 13ರಿಂದ 14 ಗಂಟೆಗಳದು, ಅದೂ ನಿರ್ಜಲವಾದದ್ದು. ಈ ಕಾಲದಲ್ಲಿ ಬೆರಳು ಚುಚ್ಚಿ ರಕ್ತ ನೋಡಿಕೊಂಡರೆ ನೋಂಬು ಮುರಿದೀತೆಂದು ಹಿಂಜರಿಯುವವರಿದ್ದಾರೆ. ಮುರಿಯುವುದಿಲ್ಲವೆಂಬುದೇ ಧರ್ಮಪಂಡಿತರ ಸಾಮಾನ್ಯ ಅಭಿಪ್ರಾಯ. ರೋಗಿಗೂ ಪ್ರಯಾಣಿಕನಿಗೂ ಕುರಾನೇ ವಿನಾಯಿತಿ ಕೊಟ್ಟು, ಬಿಟ್ಟ ದಿನಗಳನ್ನು ಅನಂತರ ಪೂರೈಸಲು ಅವಕಾಶವಿತ್ತಿದೆ. ಕ್ಯಾಥೊಲಿಕ್ ಸಭೆ ತನ್ನ ಕಡ್ಡಾಯವಾದ ಉಪವಾಸವನ್ನು 18ರಿಂದ 59ರ ವಯಸ್ಸಿನವರಿಗೆ ಮಾತ್ರ ವಿಧಿಸಿದೆ. ನಮ್ಮ ಧರ್ಮಶಾಸ್ತ್ರಗಳು ಏಕಾದಶಿಯನ್ನು 8 ವರ್ಷ ಮೀರಿದ, 80 ತುಂಬದ ದೇಹಕ್ಕೆ ಹೇಳಿ, ನೀರು, ಗೆಡ್ಡೆ, ಹಣ್ಣು, ಹಾಲು, ಗುರುವಿನ ಮಾತು, ಔಷಧ ಮೊದಲಾದ ಎಂಟರಿಂದ ವ್ರತಭಂಗವಾಗುವುದಿಲ್ಲವೆಂದು ಸ್ಪಷ್ಟಪಡಿಸಿವೆ. ವ್ರತಕ್ಕೆ ದೋಷ ಬಂದೀತೆಂಬ ಭಯದಿಂದ ಗುಳಿಗೆಯನ್ನು ಬದಿಗಿಡುವ ಹಿರಿಯರಿಗೆ ಈ ಮಾತನ್ನು ಮನೆಯವರು ಮೆಲ್ಲನೆ ತಿಳಿಸಿಕೊಡಬೇಕು. ದೇಹವನ್ನು ಕೆಡಿಸಿಕೊಳ್ಳುವುದು ಯಾವ ಧರ್ಮದ ಉಪವಾಸಕ್ಕೂ ಗುರಿಯಲ್ಲ.

ಬಡತನದ ಹಸಿವನ್ನು ಉಪವಾಸವೆಂದು ಕರೆಯಲಾಗದೆಂಬುದನ್ನೂ ಇಲ್ಲಿಯೇ ಹೇಳಬೇಕು. ತುಳುನಾಡಿನ ಆಟಿ ತಿಂಗಳಲ್ಲಿ, ಹಳೆಯ ಭತ್ತ ಮುಗಿದು ಹೊಸ ಬೆಳೆ ಬಾರದಿದ್ದ ಕಾಲದಲ್ಲಿ, ತಜಂಕು, ಕೆಸುವು, ಹಲಸಿನ ಬೀಜಗಳಿಂದ ದಿನ ನೂಕಿದವರು ವ್ರತಸ್ಥರಾಗಿರಲಿಲ್ಲ, ನಿರುಪಾಯರಾಗಿದ್ದರು. ಇಚ್ಛೆಯಿಂದ ಬಿಟ್ಟ ಊಟವನ್ನು ಬೇಕೆಂದಾಗ ಮತ್ತೆ ಉಣ್ಣಬಹುದು. ಆ ಭರವಸೆಯಿರುವುದರಿಂದಲೇ ಉಪವಾಸ ಸಾಧನೆಯೆನಿಸುತ್ತದೆ.

ದೀರ್ಘ ಉಪವಾಸ

ಒಂದೆರಡು ದಿನಗಳನ್ನು ಮೀರಿದ ಉಪವಾಸ ಬೇರೆಯೇ ಒಂದು ಪ್ರದೇಶ. 1934ರ ಹರಿಜನಯಾತ್ರೆಯಲ್ಲಿ ಗಾಂಧೀಜಿ ಪುತ್ತೂರಿಗೆ ಬಂದಾಗ, ಅವರು ಪುಣೆಯಲ್ಲಿ 21 ದಿನಗಳ ಉಪವಾಸವನ್ನು ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. 1933ರ ಮೇ 8ರಂದು ಆರಂಭವಾದ ಆ ಉಪವಾಸವನ್ನು ಅವರು 29ರಂದು ಕಿತ್ತಳೆಯ ರಸದಿಂದ ಮುಗಿಸಿದ್ದರು. ದಕ್ಷಿಣ ಆಫ್ರಿಕದ ತಮ್ಮ ಮೊದಮೊದಲಿನ ದೀರ್ಘ ಉಪವಾಸದಲ್ಲಿ, ಬಾಯಿಗೆ ಸೇರದಿದ್ದರೂ ನೀರನ್ನು ಧಾರಾಳವಾಗಿ ಕುಡಿಯಬೇಕೆಂಬುದನ್ನು ತಾವು ಅರಿತಿರಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅನುಭವದಿಂದ ಪಾಠ ಕಲಿತು 1925ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅವರು ಬರೆದ ಉಪವಾಸದ ನಿಯಮಗಳಲ್ಲಿ, ಶಕ್ತಿಯನ್ನು ಮೊದಲಿನಿಂದಲೇ ಉಳಿಸಿಕೊಳ್ಳುವುದು, ಉಪ್ಪು ಸೋಡಾ ಬೆರೆಸಿಯೋ ಬೆರೆಸದೆಯೋ ನೀರನ್ನು ಸ್ವಲ್ಪಸ್ವಲ್ಪವಾಗಿ ಆದಷ್ಟು ಹೆಚ್ಚು ಕುಡಿಯುವುದು, ಅನ್ನದ ಯೋಚನೆಯನ್ನೇ ಬಿಡುವುದು ಮುಖ್ಯವಾಗಿದ್ದವು. ಅಂತಹ ದೃಢಮನಸ್ಕರಿಗೂ ದೀರ್ಘ ಉಪವಾಸಗಳಲ್ಲಿ ವೈದ್ಯರ ಕಾವಲು ಬೇಕಾಯಿತು.

ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ ಎಂಬಾತ 1965–66ರಲ್ಲಿ 382 ದಿನ ಘನಾಹಾರವಿಲ್ಲದೆ ಇದ್ದು 207 ಕಿಲೋದಿಂದ 82 ಕಿಲೋಗೆ ಇಳಿದನೆಂಬ ಸಂಗತಿಯನ್ನು ಇಂದು ಅನೇಕರು ಉತ್ಸಾಹದಿಂದ ಹೇಳುತ್ತಾರೆ. ಅವನು ಡಂಡೀ ನಗರದ ಆಸ್ಪತ್ರೆಯ ವೈದ್ಯರ ನಿಗಾದಲ್ಲಿದ್ದನೆಂಬುದನ್ನೂ, ಅವನಿಗೆ ಜೀವಸತ್ವಗಳನ್ನೂ ಪೊಟ್ಯಾಸಿಯಮ್ಮನ್ನೂ ಕೊಡಲಾಗುತ್ತಿತ್ತೆಂಬುದನ್ನೂ, ಅವನ ದೇಹದ ಪತ್ತಾಯ ಸಾಮಾನ್ಯರದಲ್ಲವೆಂಬುದನ್ನೂ ಸೇರಿಸಿ ಹೇಳದಿದ್ದರೆ ಆ ಕಥೆ ಅರ್ಧಸತ್ಯವಾಗುತ್ತದೆ. ಹಾಗೆಯೇ, ಜೀವಕೋಶಗಳು ತಮ್ಮೊಳಗಿನ ಸವೆದ ಭಾಗಗಳನ್ನು ತಾವೇ ಜೀರ್ಣಿಸಿಕೊಳ್ಳುವ ಕ್ರಿಯೆಯ ರಹಸ್ಯವನ್ನು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಸತ್ಯ. ಆದರೆ ಅವರು ಮುಖ್ಯವಾಗಿ ಪರೀಕ್ಷಿಸಿದ್ದು ಹುದುಗು ತರುವ ಯೀಸ್ಟ್ ಜೀವಿಗಳನ್ನು. ಇಷ್ಟನೆಯ ಗಂಟೆಗೆ ಮನುಷ್ಯದೇಹ ಶುದ್ಧವಾಗಲಾರಂಭಿಸುತ್ತದೆಂದು ಗಡಿಯಾರವಿಟ್ಟು ಹೇಳುವವರ ಮಾತಿಗೆ ಆ ಪಾರಿತೋಷಕವನ್ನು ಸಾಕ್ಷಿಯಾಗಿ ನಿಲ್ಲಿಸಲಾಗದು.

ದೀರ್ಘ ಉಪವಾಸವನ್ನು ಚಿಕಿತ್ಸೆಯಾಗಿ ಬಯಸುವವರಿಗೆ ನಮ್ಮ ನೆರೆಯಲ್ಲಿಯೇ ದಾರಿಯುಂಟು. ಉಜಿರೆಯಲ್ಲಿ 1989ರಲ್ಲಿ ಪ್ರಾರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿಚಿಕಿತ್ಸಾ ಕಾಲೇಜು, ಧರ್ಮಸ್ಥಳದ ಶಾಂತಿವನ ಆಸ್ಪತ್ರೆ ಇಂಥ ಚಿಕಿತ್ಸೆಗೆ ಹೆಸರಾದ ಸಂಸ್ಥೆಗಳು. ಪ್ರಕೃತಿಚಿಕಿತ್ಸೆಯಲ್ಲಿ ಉಪವಾಸಕ್ಕೆ ಮೊದಲು ರೋಗಿಯ ಪರೀಕ್ಷೆಯಾಗುತ್ತದೆ, ನಡುವೆ ಎಳನೀರು, ಹಣ್ಣಿನ ರಸಗಳ ಆಸರೆಯಿರುತ್ತದೆ, ಕೊನೆಯಲ್ಲಿ ಕ್ರಮಕ್ರಮವಾಗಿ ಆಹಾರ ಹಿಂದಿರುಗುತ್ತದೆ. ಮನೆಯಲ್ಲಿ ಒಬ್ಬನೇ, ಬಾಗಿಲು ಮುಚ್ಚಿಕೊಂಡು, ಮೊಬೈಲಿನ ಮಾತನ್ನು ನಂಬಿ ಮೂರು ದಿನ ಮೀರಿದ ಉಪವಾಸಕ್ಕೆ ಯಾರೂ ಕೈಹಾಕಬಾರದು.

ಪಾರಣೆಯ ಗಂಜಿ

ನಮ್ಮ ಬಳಗದ ಯುವಕನೊಬ್ಬ ಹಾಗೆ ಕೈಹಾಕಿದ. ಐದು ದಿನ ಬರಿಯ ನೀರಿನ ಮೇಲಿದ್ದ. ಹಸಿವೆಯೇ ಇಲ್ಲ, ದೇಹ ಹಗುರವಾಗಿದೆಯೆಂದು ಸಂತೋಷಪಟ್ಟ. ಆರನೆಯ ದಿನ ನೆಂಟರ ಮನೆಯ ಮದುವೆ. ಬಾಳೆಯೆಲೆಯ ಮುಂದೆ ಕುಳಿತು ಅನ್ನ, ಹೋಳಿಗೆ, ಎರಡು ಬಗೆಯ ಪಾಯಸಗಳನ್ನು ತೃಪ್ತಿಯಾಗಿ ಉಂಡ. ಆ ರಾತ್ರಿ ಎದೆ ಡವಗುಟ್ಟಲಾರಂಭಿಸಿತು, ಕೈಕಾಲು ಸೋತವು. ಬೆಳಗಾಗುವಷ್ಟರಲ್ಲಿ ಪಾದಗಳು ಬಾತುಕೊಂಡಿದ್ದವು. ಐದು ದಿನ ಹಸಿದಾಗ ಬಾರದ ಕಷ್ಟ ಉಂಡ ಮೇಲೆ ಬಂದದ್ದೇಕೆಂದು ಮನೆಯವರಿಗೆ ತಿಳಿಯಲಿಲ್ಲ. ರಕ್ತದಲ್ಲಿ ಲವಣಗಳು ಕುಸಿದಿವೆಯೆಂದು ವೈದ್ಯರು ಹೇಳಿದಾಗಲೇ ಅದು ಅರ್ಥವಾದದ್ದು. ಸಕಾಲದಲ್ಲಿ ಕರೆದೊಯ್ದುದರಿಂದ ಅವನು ಗುಣವಾದ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಗೊಂಡ ಅನ್ನಹೀನರಿಗೆ ಕರುಣೆಯಿಂದ ಹೊಟ್ಟೆತುಂಬ ಉಣಿಸಿದಾಗ, ಅವರಲ್ಲಿ ಕೆಲವರು ಉಂಡ ಬಳಿಕವೇ ಊದಿಕೊಂಡು, ಹೃದಯ ಸೋತು ತೀರಿಕೊಂಡುದನ್ನು ವೈದ್ಯರು ವಿಸ್ಮಯದಿಂದ ದಾಖಲಿಸಿದ್ದಾರೆ. ಕಾರಣ ಅನಂತರ ತಿಳಿಯಿತು. ದೀರ್ಘಕಾಲ ಉಪವಾಸವಿದ್ದ ದೇಹಕ್ಕೆ ಅನ್ನವೂ ಸಕ್ಕರೆಯೂ ಒಮ್ಮೆಲೆ ನುಗ್ಗಿದಾಗ ಇನ್ಸುಲಿನ್ ಜಿಗಿದೇಳುತ್ತದೆ. ಅದು ಸಕ್ಕರೆಯೊಡನೆ ಫಾಸ್ಫೇಟ್, ಪೊಟ್ಯಾಸಿಯಮ್, ಮೆಗ್ನೀಸಿಯಮ್ ಲವಣಗಳನ್ನೂ ಜೀವಕೋಶಗಳೊಳಕ್ಕೆ ಸೆಳೆದುಕೊಳ್ಳುತ್ತದೆ. ಮೊದಲೇ ಬರಿದಾಗಿದ್ದ ರಕ್ತದಲ್ಲಿ ಅವು ಅಪಾಯಕರವಾಗಿ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಸಕ್ಕರೆಯನ್ನು ಉರಿಸಲು ಬೇಕಾದ ಥಯಾಮಿನ್ ಎಂಬ ಜೀವಸತ್ವವೂ ಸಾಲದಾಗಿ ಮಿದುಳಿಗೆ ಪೆಟ್ಟಾಗಬಹುದು. ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ಉಣ್ಣದವರು, ಇಲ್ಲವೆ ಅತ್ಯಲ್ಪ ಉಂಡವರು ಈ ಅಪಾಯದ ವಲಯದಲ್ಲಿದ್ದಾರೆಂದು ವೈದ್ಯರು ಎಣಿಸುತ್ತಾರೆ. ತೀರ ಕೃಶರಾದವರಿಗೆ ಅಷ್ಟು ದಿನವೂ ಬೇಕಾಗಿಲ್ಲ.

ನಮ್ಮ ಪ್ರಾಚೀನ ವೈದ್ಯರು ಫಾಸ್ಫೇಟಿನ ಹೆಸರನ್ನು ಅರಿತವರಲ್ಲ; ಆದರೆ ಈ ಸ್ಥಿತಿಯನ್ನು ಕಣ್ಣಾರೆ ಕಂಡವರು. ಚರಕಸಂಹಿತೆ ದೇಹವನ್ನು ಹಗುರಗೊಳಿಸುವ ಲಂಘನವನ್ನು ಆರು ಬಗೆಯ ಚಿಕಿತ್ಸೆಗಳಲ್ಲಿ ಒಂದೆಂದು ಎಣಿಸಿ, ಅದರ ಹತ್ತು ವಿಧಗಳಲ್ಲಿ ಉಪವಾಸವನ್ನು ಸೇರಿಸಿದೆ; ಅದು ಅತಿಯಾದಾಗ ಬರುವ ಕೇಡುಗಳನ್ನೂ ಬಿಡದೆ ಹೇಳಿದೆ. ಶೋಧನಚಿಕಿತ್ಸೆಯಿಂದ ದೇಹ ಬರಿದಾದ ಮೇಲೆ ಆಯುರ್ವೇದ ವಿಧಿಸುವ ಸಂಸರ್ಜನ ಕ್ರಮವಂತೂ ಪಾರಣೆಯ ಶಾಸ್ತ್ರವೇ ಸರಿ: ಮೊದಲು ತೆಳ್ಳನೆಯ ಪೇಯ, ಆಮೇಲೆ ಗಟ್ಟಿಯಾದ ವಿಲೇಪಿ, ಅನಂತರ ಒಗ್ಗರಣೆಯಿಲ್ಲದ ಬೇಳೆಯ ಕಟ್ಟು, ಅದಾದ ಮೇಲೆ ಸಂಸ್ಕರಿಸಿದ್ದು, ಹೀಗೆ ಒಂದೊಂದೇ ಮೆಟ್ಟಲು ಏರುತ್ತ ಎಂದಿನ ಊಟಕ್ಕೆ ಬರಬೇಕು.

ಆ ಮೆಟ್ಟಲಿನ ಮೊದಲ ಕಲ್ಲು ಗಂಜಿ. ಬ್ಯಾರಿಗಳ ಮನೆಯಲ್ಲಿ ಖರ್ಜೂರ ನೀರುಗಳಿಂದ ನೋಂಬು ಬಿಟ್ಟ ಮೇಲೆ ಜೀರಿಗೆಯೋ ಮೆಂತ್ಯವೋ ಹಾಕಿದ ಗಂಜಿ ಬರುವುದುಂಟು. ಜ್ವರ ಬಿಟ್ಟವನಿಗೆ ಊರಿನಲ್ಲೆಲ್ಲ ಕುಚ್ಚಲಕ್ಕಿಯ ಗಂಜಿಯೇ ಮೊದಲ ಪಥ್ಯ. ಅಕ್ಕಿ, ನೀರು, ಉಪ್ಪು ಸೇರಿದ ಈ ದ್ರವವನ್ನು ವಾಂತಿಭೇದಿಯಿಂದ ಬತ್ತಿದ ದೇಹಕ್ಕೆ ಕೊಡುವ ಜೀವಜಲದ ಸೋದರನೆನ್ನಬಹುದು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನೊಳಕ್ಕೆ ಇಳಿಯುವುದರಿಂದ, ಪಾಲಿಷ್ ಮಾಡಿದ ಬಿಳಿಯ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿದಿರುತ್ತದೆ. ಒಂದು ದಿನದ ಉಪವಾಸಕ್ಕೆ ಒಂದು ಲೋಟ ಗಂಜಿತಿಳಿ, ಅರ್ಧ ಗಂಟೆಯ ಬಳಿಕ ಮಿತವಾದ ಊಟ ಸಾಕು. ಎರಡು ಮೂರು ದಿನಗಳದ್ದಾದರೆ ಒಂದು ಹಗಲು ಪೂರ್ತಿ ತೆಳ್ಳನೆಯ ಆಹಾರ, ಮರುದಿನ ಅರ್ಧ ಊಟ. ಅದಕ್ಕಿಂತ ಹೆಚ್ಚಿನದಾದರೆ ಆಹಾರವನ್ನು ಹಿಂದಿರುಗಿಸುವ ಕೆಲಸ ವೈದ್ಯರ ಕಣ್ಣೆದುರಿಗೇ ನಡೆಯಬೇಕು.

ಉಪವಾಸ ಮಾಡಲೋ ಬೇಡವೋ ಎಂದು ಕೇಳುವವರಿಗೆ ನಾನು ಮೂರು ಪ್ರಶ್ನೆಗಳನ್ನು ಹಿಂದಿರುಗಿಸುತ್ತೇನೆ: ನಿಮ್ಮ ದೇಹಕ್ಕೆ ವಿನಾಯಿತಿ ಇದೆಯೇ? ಎಷ್ಟು ಹೊತ್ತಿಗೆ ನಿಲ್ಲಿಸುವಿರಿ? ಯಾವುದರಿಂದ ಮುಗಿಸುವಿರಿ? ಮೂರನೆಯದಕ್ಕೆ ಉತ್ತರವಿಲ್ಲದವರು ಮೊದಲ ಹೊತ್ತಿನ ಊಟವನ್ನೂ ಬಿಡತಕ್ಕದ್ದಲ್ಲ. ನಮ್ಮ ಅಜ್ಜಿ ಏಕಾದಶಿಗಳನ್ನು ಜೀವಮಾನವೆಲ್ಲ ಆಚರಿಸಿದರು. ದಶಮಿಯ ಮಧ್ಯಾಹ್ನದಿಂದ ದ್ವಾದಶಿಯ ಬೆಳಗಿನವರೆಗೆ ಲೆಕ್ಕ ಹಾಕಿದರೆ ಒಂದೊಂದೂ ಸುಮಾರು 40 ಗಂಟೆಗಳದು. ಪ್ರತಿ ಸಲವೂ ದಶಮಿಯ ಊಟ ಮುಗಿದು, ಎಲೆ ತೆಗೆದು, ನೆಲಕ್ಕೆ ಸಗಣಿ ಸಾರಿಸಿ ಅಡಿಗೆಕೋಣೆಯಿಂದ ಹೊರಬರುವ ಮುನ್ನ ಅವರು ತಪ್ಪದೆ ಮಾಡುತ್ತಿದ್ದ ಕೆಲಸವೊಂದಿತ್ತು. ದ್ವಾದಶಿಯ ಗಂಜಿಗೆ ಬೇಕಾದ ಬೆಳ್ತಿಗೆ ಅಕ್ಕಿಯನ್ನು ಸೇರಿನಲ್ಲಿ ಅಳೆದು, ಕಲ್ಲು ಆರಿಸಿ, ಒಲೆಯ ಬದಿಯಲ್ಲಿ ಮುಚ್ಚಿಡುತ್ತಿದ್ದರು.